ಪವರ್ ಔಷಧ ಬರೆಯದ ಡಾಕ್ಟರು

ಗಂಗಾವತಿಯಲ್ಲಿ ಮಕ್ಕಳ ಡಾಕ್ಟರಾಗಿ ಹದಿನೆಂಟು ವರ್ಷವಾಯಿತು. ನಗಬಾರದೆಂದು ತುಟಿ ಕಚ್ಚಿ ಕೂತರೂ ದಿನಕ್ಕೊಂದಾದರೂ ನಗೆಪ್ರಸಂಗ ನಡೆಯದೆ ನನ್ನ ಕ್ಲಿನಿಕ್ಕಿನ ಬಾಗಿಲು ಮುಚ್ಚುವುದಿಲ್ಲ. ಹೆಚ್ಚಿನವು ಆಂಟಿಬಯಾಟಿಕ್ ಸುತ್ತಲೇ. ನಮ್ಮ ಕಡೆ ಅದಕ್ಕೆ ‘ಪವರ್ ಔಷಧ’ ಅಂತ ಹೆಸರು. ಬರೆದರೆ ನಾನು ಡಾಕ್ಟರು. ಬರೆಯದಿದ್ದರೆ, ‘ಆಕಿಗೆ ಏನೂ ತಿಳಿಯಂಗಿಲ್ಲ ಬಿಡ್ರಿ.’ ನಾನೂ ಹಟಮಾರಿ. ಸಣ್ಣ ನೆಗಡಿಗೆಲ್ಲ ಅದನ್ನು ಕುಡಿಸಿದರೆ ನಿಜವಾಗಿ ಬೇಕಾದ ದಿನ ಕೈಕೊಡುತ್ತದೆ ಎನ್ನುವ ಭಯ ನನಗೆ. ಜಗಳವೆಲ್ಲ ಅಲ್ಲಿಂದಲೇ ಶುರು.

೧. ವರ್ಷಕ್ಕೆ ಎಷ್ಟು ಸಲ?

ಮರಳಿ ಊರಿನ ರೈತನೊಬ್ಬ ಮಗಳನ್ನು ಕರೆತಂದ. ಗುಂಡುಗುಂಡಗಿದ್ದ ಹುಡುಗಿ ನಗುತ್ತ ನಿಂತಿತ್ತು.

“ಏನಾಗೈತ್ರಿ?”

“ಏನೂ ಆಗಿಲ್ರಿ. ಆಗಬಾರ್ದಂತ ಬಂದೀನಿ. ಚಳಿ ಬರಾಕತ್ತೈತಿ, ಮುಂಚೇನ ಒಂದು ಪವರ್ ಔಷಧ ಹಾಕಿಬಿಡ್ರಿ. ಗದ್ದ್ಯಾಗಿನ ನೆಲ್ಲಿಗೆ ನಾವು ಬೆಳಿ ಬರೋದ್ರಾಗ ಮೂರು ಸಲ ಹುಳದ ಎಣ್ಣಿ ಹೊಡಿತೀವಿ. ಮಕ್ಕಳಿಗೆ ವರ್ಷಕ್ಕ ಎಷ್ಟು ಸಲರಿ?”

ಇವನಿಗೆ ಇವನ ಗದ್ದೆಯ ಮಾತಿನಲ್ಲೇ ಹೇಳಬೇಕು ಅನ್ನಿಸಿತು. “ಒಂದ ಎಣ್ಣಿ ಮತ್ತ ಮತ್ತ ಹೊಡದ್ರ ಜಿಗಿಹುಳ ಏನ್ ಮಾಡ್ತಾವ್ರಿ?”

“ಸಾಯಂಗಿಲ್ರಿ. ಜಳಕ ಮಾಡಿದಂಗ ಮಾಡಿ ಕುಂದರ್ತಾವ.”

“ನಿಮ್ಮ ಮಗಳ ಮೈಯಾಗಿನ ರೋಗದ ಹುಳಾನೂ ಹಂಗ.”

ಅವನು ಗಲ್ಲ ಕೆರೆದುಕೊಂಡ. ಗೆದ್ದೆ ಅಂದುಕೊಂಡು ನಾನು ಕುರ್ಚಿಗೆ ಒರಗಿದೆ.

“ಖರೇ ಐತ್ರಿ ಮೇಡಂ,” ಅಂದ. “ಹಂಗಾರ ಬ್ಯಾರೆ ಕಂಪನಿದು ಕೊಡ್ರಿ.”

೨. ಬಾಟಲಿಯ ಪ್ರವಾಸ

ಪೇಟೆಯ ಅಂಗಡಿಯವರ ಸೊಸೆಯ ಮಗನಿಗೆ ಗಂಟಲು ಬಾತು ಕೀವಾಗಿತ್ತು. ಅದಕ್ಕೆ ಬೇಕೇಬೇಕು, ಬರೆದೆ. ಎಂಟು ದಿನಕ್ಕೆ ಮತ್ತೆ ಅದೇ ಜ್ವರ, ಅದೇ ಗಂಟಲು.

“ಔಷಧ ಪೂರ್ತಿ ಮುಗಿಸಿದ್ರ್ಯಾ?”

“ಎರಡ ದಿನಕ್ಕ ಜ್ವರ ಇಳೀತ್ರಿ. ಸುಮ್ನ ಯಾಕ ಹಾಳ್ ಮಾಡೋದಂತ ಕುಷ್ಟಗಿ ಅಕ್ಕನ ಮನಿಗೆ ಕೊಟ್ಟು ಕಳಿಸಿದೆ. ಅಕಿ ಮಗಳಿಗೆ ಕೆಮ್ಮಿತ್ತು.”

ಹೆಪ್ಪಿಗೆ ಮೊಸರು ಕೊಟ್ಟಷ್ಟು ಸಲೀಸಾಗಿ ಹೇಳಿದಳು! ನನಗೆ ಸಿಟ್ಟು ನೆತ್ತಿಗೇರಿತು. ಕೂಡಲೇ ಅವಳ ಕೈಲೇ ಫೋನು ಹಚ್ಚಿಸಿದೆ. ಕುಷ್ಟಗಿಯ ಅಕ್ಕ ಅದನ್ನು ಯಲಬುರ್ಗಿಯ ನಾದಿನಿಗೆ ದಾಟಿಸಿದ್ದಳು. ಬಾಟಲಿಯ ಪುಡಿಗೆ ನೀರು ಬೆರೆಸಿದ ಮೇಲೆ ವಾರ ಕಳೆದರೆ ಅದು ಕೆಲಸಕ್ಕೆ ಬಾರದು, ತಕ್ಷಣ ಚೆಲ್ಲಿಸಬೇಕೆಂದು ಯಲಬುರ್ಗಿಗೂ ಹಚ್ಚಿಸಿದೆ. ಹದಿನೆಂಟು ವರ್ಷದಲ್ಲಿ ನಾನೇ ಅಷ್ಟು ತಾಲೂಕು ಸುತ್ತಿಲ್ಲ.

ಕುಷ್ಟಗಿಯಿಂದ ಆಗಲೇ ಸುದ್ದಿ ಮುಟ್ಟಿರಬೇಕು, ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ನಾದಿನಿಯ ದನಿ ಬಂತು: “ಡಾಕ್ಟರ್ ಹತ್ರನ ಅದೀರೇನ್ರಿ? ಛಲೋ ಆತು. ಅದು ಖಾಲಿ ಆಗೈತಿ, ಇನ್ನೊಂದು ಬರಿಸ್ಕೊಂಡು ಬರ್ರಿ.”

೩. ಹೇಮಗುಡ್ಡದ ಜಾವಳ

ನೌಕರಿಯಲ್ಲಿರುವ ತಂದೆಯೊಬ್ಬ. ಮರುದಿನ ಹೇಮಗುಡ್ಡದ ಗುಡಿಯಲ್ಲಿ ಕೂಸಿನ ಜಾವಳ, ಅಂದರೆ ಮೊದಲ ಕೂದಲು ತೆಗೆಸುವ ಶಾಸ್ತ್ರ. ಕೂಸಿಗೆ ಮೂಗು ಸೋರುತ್ತಿತ್ತು. ಇದು ಬರೀ ನೆಗಡಿ, ಪವರ್ ಔಷಧಕ್ಕೆ ಜಗ್ಗುವುದಲ್ಲ ಅಂದೆ.

“ನನಗ ಗೊತ್ತೈತ್ರಿ ಮೇಡಂ. ನಮ್ಮವ್ವಗ ಹೇಳೋರು ಯಾರು? ನೀವು ಚೀಟಿ ಉದ್ದ ಬರೀರಿ ಸಾಕು.”

ಉಪ್ಪುನೀರಿನ ಹನಿ, ಬೆಚ್ಚಗಿನ ಬಟ್ಟೆ, ತಾಯಿಹಾಲು ಎಂದು ಇಂಗ್ಲಿಷಿನಲ್ಲಿ ಚೀಟಿಯ ತುಂಬ ಗೀಚಿಕೊಟ್ಟೆ. ಮರುದಿನ ಫೋನು ಬಂತು. ಅವ್ವ ಚೀಟಿ ನೋಡಿ ಕಣ್ಣಿಗೊತ್ತಿಕೊಂಡರಂತೆ: “ಇಷ್ಟು ಬರದಾರ ಅಂದ್ರ ಕೂಸಿಗೆ ಪವರ್ ಜಾಸ್ತಿ ಆದೀತು. ಅರ್ಧ ಅಷ್ಟ ಕೊಡೋ!”

೪. ಲಾಭ, ಎರಡು, ಮೂರು

ನವಲಿಯ ಅಜ್ಜಿಯೊಬ್ಬಳು ಮೂರು ವರ್ಷದ ಮೊಮ್ಮಗನನ್ನು ಹೊತ್ತು ಬಂದಳು. “ನಮ್ಮೂರಾಗ ನಿಮ್ಮ ಹೆಸರು ಭಾಳ ಐತ್ರಿ. ನೀವು ಪವರ್ ಔಷಧ ಬರಿಯಂಗಿಲ್ಲಂತ. ಅದಕ್ಕ ನಿಮ್ಮಲ್ಲೇ ಬಂದೀನಿ.”

ಅಂತೂ ಒಬ್ಬರಾದರೂ! ಎದೆಯುಬ್ಬಿಸಿಕೊಂಡು ಹುಡುಗನ ಅಂಗಿ ಎತ್ತಿದೆ. ಉಬ್ಬಿದ್ದು ಅಲ್ಲೇ ಇಳಿಯಿತು. ಉಸಿರು ಓಡುತ್ತಿತ್ತು. ನ್ಯುಮೋನಿಯಾ. ಇವತ್ತೇ ಶುರು ಮಾಡಬೇಕು.

“ಯವ್ವಾ, ಇವನಿಗೆ ಪವರ್ ಔಷಧ ಬೇಕು. ಐದು ದಿನ.”

“ಅಯ್ಯ, ನೀವೂ ಎಲ್ಲಾರಂಗ ಆದ್ರ್ಯಾ?” ಅಂದವಳೇ ಹುಡುಗನನ್ನು ಎತ್ತಿಕೊಂಡು ಎದ್ದಳು.

ಇವಳು ಹೀಗೇ ಮನೆಗೆ ಹೋದರೆ ಹುಡುಗನ ಗತಿ? ನಾಚಿಕೆ ಬಿಟ್ಟು ಬಾಗಿಲಿಗೆ ಅಡ್ಡ ನಿಂತೆ. ಕೈಗಡಿಯಾರ ಬಿಚ್ಚಿ ಕೊಟ್ಟೆ. “ನನ್ನ ಮಾತು ಬ್ಯಾಡ, ನೀವ ಎಣಿಸ್ರಿ. ಈ ಓಡೋ ಮುಳ್ಳು ಒಂದು ಸುತ್ತು ಬರೋದ್ರಾಗ ಹೊಟ್ಟಿ ನಲವತ್ತಕ್ಕಿಂತ ಹೆಚ್ಚು ಸಲ ಏರಿದ್ರ ಔಷಧ. ಇಲ್ಲಾಂದ್ರ ನಿಮ್ಮ ಪಾಡಿಗೆ ಹೋಗ್ರಿ.”

ಜೀವನವೆಲ್ಲ ರಾಶಿಯಲ್ಲಿ ನೆಲ್ಲು ಅಳೆದ ಮುದುಕಿ. ರಾಶಿಯಲ್ಲಿ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಇಲ್ಲೂ ಹಾಗೇ ಶುರುಮಾಡಿದಳು. “ಲಾಭ, ಎರಡು, ಮೂರು...” ನಲವತ್ತು ದಾಟಿತು. ಐವತ್ತೆರಡಕ್ಕೆ ಸುತ್ತು ಮುಗಿಯಿತು. ಗಡಿಯಾರ ನನ್ನ ಕೈಗಿಟ್ಟು ಕೂತಳು.

“ಬರೀರಿ ಯವ್ವಾ.”

ಜ್ವರ ಇಳಿದರೂ ಐದು ದಿನ ಬಿಡಬೇಡಿ, ಉಳಿದದ್ದನ್ನು ಮನೆಯಲ್ಲಿ ಇಡಬೇಡಿ ಎಂದು ಕೈಹಿಡಿದು ಹೇಳಿದೆ. ದಿನಾ ಫೋನಿನಲ್ಲಿ ಲೆಕ್ಕ ಒಪ್ಪಿಸಿದಳು: ನಲವತ್ತಾರು, ಮೂವತ್ತೆಂಟು, ಇಪ್ಪತ್ತೊಂಬತ್ತು. ಆರನೆಯ ದಿನ ಹುಡುಗ ಓಡಿಬಂದು ನನ್ನ ಸ್ಟೆತಸ್ಕೋಪು ಜಗ್ಗಿದ. ನನಗೆ ಕಣ್ಣು ತುಂಬಿಬಂತು.

“ಉಳಿದದ್ದು ಚೆಲ್ಲಿದ್ರ್ಯಾ?”

“ಚೆಲ್ಲೋದ್ಯಾಕ್ರಿ? ಆಡಿನ ಮರಿಗೆ ಹಾಕೀನಿ.”

ತಲೆ ಹಿಡಿದುಕೊಂಡೆ. “ಯವ್ವಾ, ಹಂಗ ಕಂಡಕಂಡವಕ್ಕೆಲ್ಲ ಹಾಕಬಾರ್ದು!”

ಅಜ್ಜಿಗೆ ಸಿಟ್ಟೇ ಬಂತು. “ಕಂಡಕಂಡವಕ್ಕ ಹಾಕೀನೇನ್ರಿ? ಮರೀನ ಮಲಗಿಸಿ, ಹೊಟ್ಟಿ ನೋಡಿ ಎಣಿಸೀನಿ. ಅರವತ್ತಿತ್ತು. ಇನ್ನೊಂದು ಮರೀಗೆ ಬರೇ ನೆಗಡಿ ಇತ್ತು. ಎಷ್ಟು ಒದರಿದ್ರೂ ಅದಕ್ಕ ಒಂದ್ ಹನಿನೂ ಕೊಟ್ಟಿಲ್ಲ!”