ನಮ್ಮತ್ತೆಯ ತೂಕಕ್ಕೆ ಕೂರಿಸಿದ ಚಕ್ರಗಳು

ಯಂತ್ರಗಳ ವಿಷಯದಲ್ಲಿ ನನಗೆ ತಿಳಿವಳಿಕೆ ಕಡಿಮೆ ಎಂಬುದನ್ನು ನಾನು ಇದುವರೆಗೆ ಯಾರ ಮುಂದೆಯೂ ಒಪ್ಪಿಕೊಂಡವನಲ್ಲ. ಓದುಗರ ಮುಂದೆ ಒಪ್ಪಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅವರು ನಮ್ಮ ಮನೆಗೆ ಬಂದು ನಮ್ಮತ್ತೆಯ ಕಿವಿಗೆ ಹಾಕುವ ಸಂಭವ ಕಡಿಮೆ. ಗಡಿಯಾರ ನಿಂತರೆ ನಾನು ಅದನ್ನು ಹಿಡಿದು ಅಲ್ಲಾಡಿಸುತ್ತೇನೆ. ಹೊಲಿಗೆ ಯಂತ್ರ ಹಟ ಹಿಡಿದರೆ ಕಂಡ ಕಂಡ ತೂತಿಗೆಲ್ಲ ಎಣ್ಣೆ ಬಿಡುತ್ತೇನೆ. ಅದಕ್ಕೂ ಬಗ್ಗದಿದ್ದರೆ ಅದನ್ನು ತಯಾರಿಸಿದ ದೇಶವನ್ನು ಬೈದು ಸುಮ್ಮನಾಗುತ್ತೇನೆ. ಇಂಥವನು ಕಾರು ಕೊಂಡರೆ ಏನಾಗಬೇಕೋ ಅದೇ ಆಯಿತು.

ಯುದ್ಧ ಬಂದು ಪೆಟ್ರೋಲಿಗೆ ಚೀಟಿ ಕೊಡುವುದಕ್ಕೆ ಮುಂಚಿನ ಮಾತು ಇದು. ಮಂಡ್ಯ ಆಗತಾನೇ ಜಿಲ್ಲೆಯ ಊರಾಗಿತ್ತು, ನಾನು ಆಗತಾನೇ ಲಾಯರಾಗಿದ್ದೆ, ಇಬ್ಬರಿಗೂ ಹೊಸ ಹುರುಪು. ಬೆಂಗಳೂರಿನ ದಂಡಿನ ಕಡೆ ಇದ್ದ ಒಬ್ಬ ಇಂಗ್ಲಿಷ್ ದೊರೆ ಸೀಮೆಗೆ ವಾಪಸು ಹೊರಟು ತನ್ನ ಕಾರನ್ನು ಮಾರುತ್ತಾನೆಂದು ತಿಳಿದು ಹೋಗಿ ತಂದೆ. ಫ್ರಾನ್ಸ್ ದೇಶದ ಕಾರು. ಮಿಕ್ಕ ಕಾರುಗಳಲ್ಲಿ ಇಂಜಿನ್ನು ಹಿಂದಿನ ಚಕ್ರಗಳನ್ನು ತಿರುಗಿಸಿ ಗಾಡಿಯನ್ನು ನೂಕುತ್ತದೆ. ಇದರಲ್ಲಿ ಮುಂದಿನ ಚಕ್ರಗಳನ್ನೇ ತಿರುಗಿಸಿ ಗಾಡಿಯನ್ನು ಎಳೆಯುತ್ತದೆ. ಪೇಟೆಯ ಮಂದಿ ಇದನ್ನು ಕೇಳಿ ಮೂಗಿನ ಮೇಲೆ ಬೆರಳಿಟ್ಟರು. ನಮ್ಮೂರು ಕೊಪ್ಪದ ರೈತರು ಮಾತ್ರ ಒಂದಿಷ್ಟೂ ಬೆರಗಾಗಲಿಲ್ಲ. "ಮುಂದ್ಗಡೆ ಎಳೆಯಾದೇ ಸರಿ ಕಣ್ ಬುಡಿ. ಎತ್ಗಳ್ನ ಯಾರಾರಾ ಗಾಡಿ ಹಿಂದ್ಗಡೆ ಕಟ್ತಾರಾ?" ಎಂದರು. ಆ ದೊರೆಗೆ ರೇಸಿನ ಹುಚ್ಚು ಬೇರೆ. ಮೊದಲೇ ಕುಳ್ಳಾಗಿದ್ದ ಕಾರಿನ ಸ್ಪ್ರಿಂಗು ಇಳಿಸಿ, ಹೊಟ್ಟೆ ನೆಲಕ್ಕೆ ಸವರುವಷ್ಟು ಕೆಳಕ್ಕೆ ತಂದಿದ್ದ. ಹಾಗೆ ತಗ್ಗಿಸಿದ್ದರಿಂದ ಮುಂದಿನ ಚಕ್ರಗಳ ತಲೆ ಒಳಕ್ಕೆ ವಾಲಿ, ಟೈರುಗಳು ಒಳಗಡೆಯ ಅಂಚಿನಲ್ಲಿ ಮಾತ್ರ ಸವೆಯುತ್ತಿದ್ದವು. ಅದೂ ಸಾಲದೆ ಕಾರು ಎಡಕ್ಕೆ ಎಳೆಯುತ್ತಿತ್ತು.

ಈ ಕಾರಿನಲ್ಲಿ ನಾನು ಕೋರ್ಟಿಗೆ ಹೋಗುತ್ತಿದ್ದೆ ಎಂದು ತಿಳಿಯಬೇಡಿ. ಮುನ್ಸೀಫರು ಕೊಡೆ ಹಿಡಿದು ನಡೆದು ಬರುವಾಗ, ಕಕ್ಷಿಗಾರರೇ ಇಲ್ಲದ ಹೊಸ ಲಾಯರು ಕಾರಿನಲ್ಲಿ ಇಳಿದರೆ ಅವನ ಕೇಸು ನಿಲ್ಲುತ್ತದೆಯೇ? ಹಾಗಾಗಿ ಕಾರು ಹೊರಡುತ್ತಿದ್ದದ್ದು ಭಾನುವಾರ, ಸಂಸಾರ ಸಮೇತ. ಸಂಸಾರವೆಂದರೆ ನಾನು, ನನ್ನಾಕೆ ಪುಟ್ಟಲಕ್ಷ್ಮಿ, ಮತ್ತು ನಂಜಮ್ಮತ್ತೆ. ಅತ್ತೆ ಎಂದರೆ ಹೆಣ್ಣು ಕೊಟ್ಟ ಅತ್ತೆಯಲ್ಲ, ನಮ್ಮ ತಂದೆಯ ಅಕ್ಕ. ತಾಯಿಯಿಲ್ಲದ ನನ್ನನ್ನು ಸಾಕಿ, ಹೊಡೆದು, ಓದಿಸಿ, ಮದುವೆ ಮಾಡಿ, ಇನ್ನೂ ಕೆಲಸ ಮುಗಿದಿಲ್ಲವೆಂದು ಜೊತೆಯಲ್ಲೇ ಇದ್ದವರು. ದೇಹವೂ ಅವರ ಅಧಿಕಾರಕ್ಕೆ ತಕ್ಕಂತೆಯೇ ಇತ್ತು. ಮೊದಲ ದಿನ ಕಾರಿನ ಬಾಗಿಲು ತೆರೆದಾಗ, "ಇದೇನ್ಲಾ, ಗಾಡಿ ಅತ್ತಾದು ಅಂದ್ರೆ ಗುಂಡಿಗೆ ಇಳ್ದಂಗಾಯ್ತದಲ್ಲ!" ಎಂದು ಗೊಣಗಿ, ಹಿಂದಿನ ಸೀಟಿನಲ್ಲಿ ಕುಳಿತು, ಸೊಸೆಯನ್ನೂ ಪಕ್ಕಕ್ಕೆ ಎಳೆದುಕೊಂಡರು. ಅಂದಿನಿಂದ ಅದೇ ಏರ್ಪಾಡು. ಮುಂದೆ ನಾನೊಬ್ಬ, ಹಿಂದಿನಿಂದ ಅತ್ತೆಯ ಅಪ್ಪಣೆ. "ನೋಡ್ಕೊಂಡ್ ಓಡ್ಸ್ಲಾ, ಎಮ್ಮೆ ಬತ್ತಾ ಅದೆ." "ಅತ್ತ ಏನ್ ನೋಡ್ತಿದ್ದಿಯೆ, ದಾರಿ ನೋಡ್ಲಾ." ಕತ್ತು ಅಲುಗಿಸಲು ಕೂಡ ನನಗೆ ಧೈರ್ಯವಿರಲಿಲ್ಲ.

ಎಡಕ್ಕೆ ಎಳೆಯುವ ರೋಗಕ್ಕೆ ಮದ್ದೂರಿನ ಮೇಸ್ತ್ರಿ ಸಿದ್ದಯ್ಯನಲ್ಲಿಗೆ ಹೋದೆವು. ಬೆಂಗಳೂರು ಮೈಸೂರು ರಸ್ತೆಯಲ್ಲಿ ಕೆಟ್ಟು ನಿಂತ ಬಸ್ಸುಗಳೆಲ್ಲ ಅವನ ಕೈಯಲ್ಲಿ ಬದುಕಿ ಹೋಗುತ್ತಿದ್ದವು. ಅವನು ಕಾರಿನ ಎರಡೂ ಮಗ್ಗುಲಿಗೆ ಹುರಿ ಎಳೆದು, ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಮುಂದಿನ ಎರಡು ಚಕ್ರಗಳ ನಡುವಿನ ಅಂತರವನ್ನು ಬಿದಿರು ಕಡ್ಡಿಯಿಂದ ಮುಂದೊಮ್ಮೆ ಹಿಂದೊಮ್ಮೆ ಅಳೆದು, ಬಸ್ಸಿಗೆ ಮಾಡುವಂತೆ ಮುಂದುಗಡೆ ಒಂದು ಕೂದಲೆಳೆ ಕಿರಿದು ಮಾಡಿದ. ನಾನು ಕಾರಿನ ಜೊತೆ ಬಂದ ಪುಸ್ತಕ ತೆರೆದು, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ, ಎಳೆಯುವ ಚಕ್ರಗಳು ಓಡುವಾಗ ತಾವಾಗಿ ಒಳಕ್ಕೆ ಸೇರಿಕೊಳ್ಳುತ್ತವೆ, ಆದ್ದರಿಂದ ನಿಂತಾಗ ಮುಂದುಗಡೆ ಕೂದಲೆಳೆ ಅಗಲವಿರಬೇಕು ಎಂದು ವಾದಿಸಿದೆ. ಕೋರ್ಟಿನಲ್ಲಿ ನನ್ನ ವಾದ ಕೇಳುವವರಿರಲಿಲ್ಲ, ಸಿದ್ದಯ್ಯ ಕೇಳಿದ. ಇನ್ನೊಂದು ತೊಡಕೆಂದರೆ, ಕೆಳಗೆ ಕೆಸರಿದೆಯೆಂದು ಅತ್ತೆ ಕಾರಿನಿಂದ ಇಳಿಯಲು ಒಪ್ಪಲಿಲ್ಲ. ಪುಟ್ಟಲಕ್ಷ್ಮಿ ಅವರಿಗೆ ಮದ್ದೂರು ವಡೆ ತಂದುಕೊಟ್ಟಳು. ಅವರು ಒಳಗೆ ಕೂತು ವಡೆ ತಿನ್ನುತ್ತಿದ್ದಂತೆಯೇ ಸಿದ್ದಯ್ಯ ಚಕ್ರ ಕೂರಿಸಿದ. ಮಂಡ್ಯಕ್ಕೆ ವಾಪಸು ಬರುವಾಗ ಕಾರು ಹುರಿ ಹಿಡಿದ ಹಾಗೆ ನೇರ ಓಡಿತು. ನನಗೆ ಆನಂದವೋ ಆನಂದ.

ಕೆಲವು ದಿನಗಳಾದ ಮೇಲೆ ಅತ್ತೆಗೆ ಜ್ವರ ಬಂತು. ಅವರ ಹೆಸರಿನಲ್ಲಿ ಹಣ್ಣುಕಾಯಿ ಮಾಡಿಸಿಕೊಂಡು ಬರಲು ನಾನು, ಪುಟ್ಟಲಕ್ಷ್ಮಿ ಇಬ್ಬರೇ ಊರಾಚೆಯ ಗುಡಿಗೆ ಕಾರಿನಲ್ಲಿ ಹೊರಟೆವು. ಮದುವೆಯಾದಮೇಲೆ ಅವಳು ನನ್ನ ಪಕ್ಕದ ಸೀಟಿನಲ್ಲಿ ಕುಳಿತದ್ದು ಅದೇ ಮೊದಲು. ಮುಡಿಯಲ್ಲಿ ಮಲ್ಲಿಗೆ, ತೊಡೆಯ ಮೇಲೆ ಹಣ್ಣಿನ ತಟ್ಟೆ. ನಾವು ಊರು ದಾಟುವುದೇ ತಡ, ಕಾರು ಎಡಕ್ಕೆ ಎಳೆಯತೊಡಗಿತು. ನಾನು ತಿದ್ದಿದೆ, ಅದು ಮತ್ತೆ ಎಳೆಯಿತು. ಕೊನೆಗೆ ರಸ್ತೆ ಬಿಟ್ಟು ಯಾರದೋ ಹುಲ್ಲಿನ ಮೆದೆಗೆ ಮೂತಿ ತೂರಿಸಿ ನಿಂತಿತು. ಹುಲ್ಲಿನ ಯಜಮಾನನಿಂದ ಬೈಸಿಕೊಂಡು ಮನೆಗೆ ಬಂದೆವು. ಇಳಿಯುವಾಗ ಪುಟ್ಟಲಕ್ಷ್ಮಿ ತಲೆ ತಗ್ಗಿಸಿ, "ನಿಮ್ ಹತ್ರ ಒಂದು ಮಾತು ಹೇಳ್ಬೇಕು. ಮನೇಲಿ ಹೇಳಕ್ಕಾಗಲ್ಲ. ಒಂದ್ಸಲ ಗಗನಚುಕ್ಕಿಗೆ ಹೋಗಾಣ, ನಾವಿಬ್ರೇ" ಎಂದಳು.

ಮನೆಯಲ್ಲಿ ಹೇಳಲಾಗದ್ದು ನಿಜವೇ. ಹಗಲು ಗಂಡಹೆಂಡಿರು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ರಾತ್ರಿಯೋ, ನಮ್ಮ ಕೋಣೆಗೂ ಅತ್ತೆಯ ಹಾಸಿಗೆಗೂ ನಡುವೆ ಒಂದು ಹಲಗೆಯ ತಡಿಕೆ. ನಾನು ಮಗ್ಗುಲು ಬದಲಾಯಿಸಿದರೆ ಆ ಕಡೆಯಿಂದ "ಸೊಳ್ಳೆ ಕಚ್ತದೇನ್ಲಾ?" ಎಂದು ವಿಚಾರಣೆ ಬರುತ್ತಿತ್ತು. ಆದರೆ ಹೇಳಬೇಕಾದ ಆ ಮಾತು ಯಾವುದು? ಇದು ನನ್ನನ್ನು ಕೊರೆಯತೊಡಗಿತು. ಒಡವೆ ಬೇಕೇ? ಅತ್ತೆಯಿಂದ ಬೇರೆ ಮನೆ ಮಾಡೋಣ ಎನ್ನುತ್ತಾಳೆಯೇ? ನನ್ನ ಜೊತೆ ಬಾಳುವುದು ಸಾಕಾಗಿ ಮಳವಳ್ಳಿಯ ತವರಿಗೆ ಹೋಗಿಬಿಡುತ್ತಾಳೆಯೇ? ಅದನ್ನು ಯೋಚಿಸಿದರೆ ಊಟ ಸೇರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಹೆದರಿದ್ದೆ. ಅವಳ ಮೇಲೆ ಅಷ್ಟು ಪ್ರೀತಿಯಿತ್ತು, ಅದನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಗಾದರೂ ಮಾಡಿ ಗಗನಚುಕ್ಕಿಗೆ ಹೋಗಿ ಆ ಮಾತು ಕೇಳಲೇಬೇಕು. ಅಲ್ಲಿಯವರೆಗೆ ಕಾರು ನೆಟ್ಟಗೆ ಓಡಬೇಕು.

ಪುಸ್ತಕವನ್ನು ಮತ್ತೆ ತೆರೆದೆ. ಚಕ್ರಗಳನ್ನು ಸರಿಪಡಿಸುವಾಗ ಗಾಡಿಯಲ್ಲಿ ಎಂದಿನ ಭಾರ ಇರಬೇಕು ಎಂದು ಅದರಲ್ಲಿ ಬರೆದಿತ್ತು. ಭಾರ ಬದಲಾದರೆ ಗಾಡಿ ಏರುತ್ತದೆ ಇಳಿಯುತ್ತದೆ, ಚಕ್ರಗಳ ಓರೆ ಬದಲಾಗುತ್ತದೆ; ತಗ್ಗಿಸಿದ ಕಾರಿನಲ್ಲಂತೂ ಕೇಳುವುದೇ ಬೇಡ. ನನ್ನ ತಲೆಯಲ್ಲಿ ದೀಪ ಹತ್ತಿತು. ನಮ್ಮ ಕಾರಿನ ಚಕ್ರಗಳನ್ನು ಕೂರಿಸಿದ್ದು ಅತ್ತೆಯ ಭಾರಕ್ಕೆ! ಅವರಿದ್ದರೆ ನೇರ, ಇಲ್ಲದಿದ್ದರೆ ಎಡ. ಮುಂದಿನ ಭಾನುವಾರ, ಜ್ವರ ಬಿಟ್ಟ ಅತ್ತೆಯನ್ನು ಕೂರಿಸಿಕೊಂಡೇ ಮದ್ದೂರಿಗೆ ಹೋಗಿ ಸಿದ್ದಯ್ಯನಿಗೆ ಗುಟ್ಟಾಗಿ ಹೇಳಿದೆ. ಅವನು ಅರೆಕ್ಷಣ ಯೋಚಿಸಿ ಮೀಸೆ ತಿರುವಿದ. "ಊಂ ಕಣ್ ಬುದ್ಧಿ, ಅದೇ ಸರಿ. ಅವ್ವಾರ ತೂಕಕ್ಕೆ ಅಳತೆ ಮಾಡಿ ಕೂರ್ಸಿವ್ನಿ. ಅವ್ವಾರ್ನ ಬುಟ್ಟು ಓಡ್ಸಿದ್ರೆ ಗಾಡಿಗೇನ್ ಗೊತ್ತಾಯ್ತದೆ?" ಎಂದು ಹೆಮ್ಮೆಪಟ್ಟ. ಹಾಗಾದರೆ ಅತ್ತೆಯಿಲ್ಲದೆ ಹೋಗಬೇಕಾದರೆ? "ಅಷ್ಟೇ ತೂಕದ್ದು ಏನಾರಾ ಏರ್ಕೊಂಡು ಓಗಿ." ಮನೆಗೆ ಬಂದು ಪುಟ್ಟಲಕ್ಷ್ಮಿಗೆ ಅಡುಗೆಮನೆಯ ಬಾಗಿಲಲ್ಲಿ ಪಿಸುಗುಟ್ಟಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಸಂತೋಷ ತಡೆಯಲಾಗಲಿಲ್ಲ ಪಾಪ, ಎಂದುಕೊಂಡೆ.

ಅತ್ತೆಯ ತೂಕ ತಿಳಿಯುವುದು ಹೇಗೆ? ಬೆಲ್ಲದ ಮಂಡಿಯ ತಕ್ಕಡಿಯಲ್ಲಿ ಬಂದು ಕೂರಿ ಎಂದರೆ ನನ್ನ ತಲೆ ಉಳಿಯುತ್ತಿರಲಿಲ್ಲ. ಆಗ ತುಲಾಭಾರದ ನೆನಪಾಯಿತು. ಅತ್ತೆಯ ಜ್ವರ ಬಿಟ್ಟಿತ್ತಲ್ಲ. "ನೀವು ಹುಷಾರಾದರೆ ನಿಮ್ಮ ತೂಕದ ಬೆಲ್ಲ ದೇವರಿಗೆ ಕೊಡುತ್ತೇನೆಂದು ಹರಕೆ ಹೊತ್ತಿದ್ದೆ" ಎಂದೆ. ಅತ್ತೆ ಕಣ್ಣಲ್ಲಿ ನೀರು ತಂದುಕೊಂಡರು. "ನನ್ಗೋಸ್ಕರ ಅರಕೆ ಒತ್ಕೊಂಡಿದ್ದೇನ್ಲಾ ಮಗಾ?" ಎಂದು ನನ್ನ ತಲೆ ಸವರಿದರು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಆದರೂ ಗುಡಿಯಲ್ಲಿ ಅವರು ರೇಷ್ಮೆ ಸೀರೆ ಉಟ್ಟು ತಕ್ಕಡಿಯಲ್ಲಿ ಕೂತಾಗ, ಎಲ್ಲರೂ ದೇವರ ಕಡೆ ಕೈಮುಗಿದರೆ ನಾನು ಆಚೆ ತಟ್ಟೆಯ ಬೆಲ್ಲದ ಅಚ್ಚುಗಳನ್ನು ಎಣಿಸುತ್ತಿದ್ದೆ. ಲೆಕ್ಕ ಎಷ್ಟೆಂದು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ದೇವರ ಬೆಲ್ಲವನ್ನು ದೇವರಿಗೇ ಬಿಟ್ಟು, ಅಷ್ಟೇ ಅಚ್ಚುಗಳನ್ನು ಮಂಡಿಯಿಂದ ತರಿಸಿ ಮೂಟೆ ಕಟ್ಟಿಸಿದೆ.

ಪುಟ್ಟಲಕ್ಷ್ಮಿಯನ್ನು ತವರಿಗೆ ಕರೆದುಕೊಂಡು ಹೋಗಿ ಸಂಜೆಯೊಳಗೆ ಬರುತ್ತೇವೆ, ಬೀಗರಿಗೆ ಒಂದಿಷ್ಟು ಬೆಲ್ಲ ಕೊಡಬೇಕು ಎಂದು ಅತ್ತೆಗೆ ಹೇಳಿದೆ. ಅವರು ಮೂಟೆಗಳನ್ನು ನೋಡಿದರು, ನನ್ನನ್ನು ನೋಡಿದರು, "ಉಸಾರಾಗಿ ಓಗ್ಬುಟ್ಟು ಬನ್ನಿ" ಎಂದರು. ಹಿಂದಿನ ಸೀಟಿನಲ್ಲಿ ಅತ್ತೆ ಕೂರುವ ಜಾಗದಲ್ಲೇ ಬೆಲ್ಲವನ್ನು ಕೂರಿಸಿದೆ. ಪುಟ್ಟಲಕ್ಷ್ಮಿ ನನ್ನ ಪಕ್ಕದಲ್ಲಿ ಕುಳಿತಳು. ನಾವು ಹೊರಟೆವು. ಕಾರು ಎಡಕ್ಕೆ ಎಳೆಯಿತು. ಮೂಟೆಗಳು ಸರಿದಿರಬೇಕೆಂದು ಇಳಿದು ಸರಿಮಾಡಿದೆ. ಮತ್ತೆ ಎಳೆಯಿತು. ಒಂದು ಅಚ್ಚು ಬಲಕ್ಕೆ ಇಟ್ಟೆ, ಎರಡು ಅಚ್ಚು ಮುಂದಕ್ಕೆ ಇಟ್ಟೆ. ಮಳವಳ್ಳಿ ದಾಟಿ ಬೆಳಕವಾಡಿ ಸಮೀಪಿಸುವ ಹೊತ್ತಿಗೆ ಅತ್ತೆಯನ್ನು ಕಾರಿನ ತುಂಬ ಹರಡಿಬಿಟ್ಟಿದ್ದೆ. ಅಲ್ಲಿ ಗಾಳಿಗೆ ಪುಟ್ಟಲಕ್ಷ್ಮಿಯ ಸೆರಗು ಹಾರಿತು, ಅವಳು ನಕ್ಕು ಅದನ್ನು ಹಿಡಿದುಕೊಂಡಳು, ಮರುಕ್ಷಣ ಕಾರು ಎಡಗಡೆಯ ನೀರುಗಾಲುವೆ ಹಾರಿ ಕಬ್ಬಿನ ಗದ್ದೆಯೊಳಗೆ ನುಗ್ಗಿ ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಗದ್ದೆಯ ರೈತ ಓಡಿಬಂದು, ಮೊದಲು ತನ್ನ ಕಬ್ಬು ನೋಡಿ, ಆಮೇಲೆ ನಮ್ಮನ್ನು ನೋಡಿ, ಎತ್ತಿನ ಜೋಡಿ ತಂದು ಕಾರಿಗೆ ಕಟ್ಟಿದ. ಒಳಗೆ ಇಣುಕಿದವನು, "ಇದ್ಯಾಕ್ ಬುದ್ಧಿ, ಕಬ್ಬಿನ್ ಸೀಮೆಗೆ ಬೆಲ್ಲ ಏರ್ಕೊಂಡ್ ಬಂದಿದ್ದೀರಿ?" ಎಂದ. ನಾನಿನ್ನೂ ಅಚ್ಚುಗಳ ಲೆಕ್ಕದಲ್ಲೇ ಇದ್ದೆ. "ಅದು ಬೆಲ್ಲ ಅಲ್ಲಪ್ಪ, ನಮ್ಮತ್ತೆ" ಎಂದುಬಿಟ್ಟೆ. ಅವನು ಪುಟ್ಟಲಕ್ಷ್ಮಿಯ ಕಡೆ ತಿರುಗಿ ಮೆಲ್ಲಗೆ, "ಅವ್ವಾ, ಬುದ್ಧಿಯೋರ್ಗೆ ತಲೆಗೇನಾರಾ ಪೆಟ್ ಬಿತ್ತಾ?" ಎಂದು ಕೇಳಿದ. ಕಾರು ರಸ್ತೆಗೆ ಬಂದ ಮೇಲೆ ಅವನ ಕಬ್ಬಿನ ನಷ್ಟಕ್ಕೆ ಅತ್ತೆಯನ್ನು ಪೂರ್ತಿಯಾಗಿ ಅವನಿಗೇ ಒಪ್ಪಿಸಿದೆವು.

ರೈತ ಹೊರಟುಹೋದ. ರಸ್ತೆಯಲ್ಲಿ ನಾವಿಬ್ಬರೇ. ನಾನು ಬಾನೆಟ್ಟಿಗೆ ಒರಗಿ, ಇನ್ನು ಈ ದರಿದ್ರ ಚಕ್ರಗಳನ್ನು ಮುಟ್ಟುವುದಿಲ್ಲ, ಮಾರಿಬಿಡುತ್ತೇನೆ ಎಂದು ಗೋಳಾಡಿದೆ. "ಚಕ್ರ ಸರಿಯಾಗೇ ಅವೆ" ಎಂದಳು ಪುಟ್ಟಲಕ್ಷ್ಮಿ. "ನಾನ್ ಹೇಳ್ಬೇಕು ಅಂದಿದ್ದೂ ಅದೇ. ಎಡಕ್ಕೆ ಹೋಗೋರು ನೀವು. ನಾನು ಪಕ್ಕದಲ್ಲಿ ಕೂತ್ರೆ ನೀವು ದಾರಿ ಎಲ್ಲಿ ನೋಡ್ತೀರಿ? ನನ್ನೇ ನೋಡ್ತೀರಿ. ಮುಖ ತಿರುಗಿದ್ ಕಡೆಗೆ ಕೈನೂ ತಿರುಗ್ತದೆ. ಅವತ್ತು ಹುಲ್ಲಿನ್ ಮೆದೆಗೆ ನುಗ್ದಾಗ್ಲೇ ಗೊತ್ತಾಯ್ತು. ಇದನ್ನ ಅತ್ತೆಮ್ಮನ್ ಎದುರಿಗೆ ಹೆಂಗ್ ಹೇಳಾದು?" ಅವಳ ಮುಖ ಕೆಂಪಾಗಿತ್ತು. ನಾನು ಲಾಯರು, ಏನಾದರೂ ಎದುರುವಾದ ಹೂಡಬೇಕಾಗಿತ್ತು. ಅದು ಬಿಟ್ಟು ಮತ್ತೆ ಅವಳನ್ನೇ ನೋಡುತ್ತ ನಿಂತೆ. ಇಷ್ಟು ದಿನ ಹೇಳಲಾಗದೆ ಇದ್ದುದನ್ನು ಕಾರು ನನ್ನ ಪರವಾಗಿ ಊರೆಲ್ಲ ಹೇಳಿಕೊಂಡು ಬಂದಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸುಖವಾಯಿತು.

ಪುಟ್ಟಲಕ್ಷ್ಮಿ ತಾನಾಗಿ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತಳು. ಅತ್ತೆಯೂ ಇಲ್ಲ, ಬೆಲ್ಲವೂ ಇಲ್ಲ, ಕಾರು ಶಿವನಸಮುದ್ರದವರೆಗೆ ಒಂದು ಬೆರಳು ಎಡಕ್ಕೆ ಬಲಕ್ಕೆ ಸರಿಯದೆ ಓಡಿತು. ಗಗನಚುಕ್ಕಿಯ ಎದುರಿಗೆ ಬಂಡೆಯ ಮೇಲೆ ಇಬ್ಬರೂ ಪಕ್ಕಪಕ್ಕ ಕೂತೆವು. ಅಲ್ಲಿ ಓಡಿಸಲು ಏನೂ ಇರಲಿಲ್ಲ. ಹೊತ್ತು ಇಳಿಯುವವರೆಗೆ ಕೂತಿದ್ದೆವು.

ಮನೆಗೆ ಬಂದಾಗ ಅತ್ತೆ ಜಗುಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ತವರಿನ ಸುದ್ದಿಯನ್ನೂ ಕೇಳಲಿಲ್ಲ, ಬೆಲ್ಲದ ಸುದ್ದಿಯನ್ನೂ ಕೇಳಲಿಲ್ಲ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಗಗನಚುಕ್ಕೀಲಿ ನೀರು ಎಂಗ್ ಬೀಳ್ತಿತ್ಲಾ?" ಎಂದರು. ಅವರಿಗೆ ಗೊತ್ತಾದದ್ದು ಹೇಗೆ ಎಂಬುದಕ್ಕಿಂತ ದೊಡ್ಡ ಕಷ್ಟ ಬೇರೆಯಿತ್ತು. ಅಷ್ಟು ಹೊತ್ತು ಅದರ ಎದುರಿಗೆ ಕೂತಿದ್ದೆನಲ್ಲ, ಎಷ್ಟು ನೆನೆದರೂ ನೀರು ಬಿದ್ದದ್ದು ನೆನಪಾಗಲೊಲ್ಲದು. ಪುಟ್ಟಲಕ್ಷ್ಮಿ ಆಗಲೇ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದ್ದಳು.

"ಮೇಲಿಂದ ಕೆಳಕ್ಕೆ ಬೀಳ್ತಿತ್ತು ಅತ್ತೆ" ಎಂದೆ.