ಮೂರನೇ ಮಹಡಿಯಿಂದ ಉತ್ತರ ಬರಲಿಲ್ಲ

ಶನಿವಾರ ಸಂಜೆ ಕಾಫಿ ಲೋಟ ಕೆಳಗಿಟ್ಟು ಲಿಫ್ಟ್ ಇನ್ಸ್‌ಪೆಕ್ಟರು ಒಂದು ಘೋಷಣೆ ಮಾಡಿದರು. ನಾಳೆ ಮಧ್ಯಾಹ್ನ ಊಟಕ್ಕೆ ತಟ್ಟೆ ಇಡುವುದರೊಳಗೆ ಈ ಮನೆಯ ಕಂಪ್ಯೂಟರು ಕುದುರೆಯ ಹಾಗೆ ಓಡದಿದ್ದರೆ ತಮ್ಮ ಹೆಸರನ್ನೇ ಬದಲಾಯಿಸಿಕೊಳ್ಳುವುದಾಗಿ ಅವರ ಪ್ರತಿಜ್ಞೆ!

"ಮಿಕ್ಸಿ ಬಿಚ್ಚಿದಾಗಲೂ ಹೆಸರು ಬದಲಾಯಿಸ್ತೀನಿ ಅಂದಿದ್ರಿ. ಈಗ ಯಾವ ಹೆಸರಲ್ಲಿ ಕರೀಲಿ ನಿಮ್ಮನ್ನ?" ಎಂದಳು ಹೆಂಡತಿ.

ಅವಳ ಸಂಕಟ ಅವಳಿಗೆ. ಬಡಗಿಯೊಬ್ಬರಿಗೆ ಅಡುಗೆಮನೆಯ ಕಪಾಟುಗಳ ನಕ್ಷೆ ಬಿಡಿಸಿಕೊಡುವುದು ಅವಳ ಕೆಲಸ. ಒಂದು ನಕ್ಷೆ ತೆರೆಯಲು ಒತ್ತಿ, ಹೋಗಿ ಒಂದು ಬಕೆಟ್ ಬಟ್ಟೆ ಒಣಹಾಕಿ ಬಂದರೂ ಪರದೆಯ ಮೇಲೆ ಆ ಪುಟ್ಟ ಚಕ್ರ ತಿರುಗುತ್ತಲೇ ಇರುತ್ತಿತ್ತು. ಗುರುವಾರದೊಳಗೆ ಆರು ನಕ್ಷೆ ಕೊಡಬೇಕಿತ್ತು. ಹೊಸ ಕಂಪ್ಯೂಟರ್ ತರೋಣವೆಂದು ಅವಳು ಎರಡು ಸಲ ಹೇಳಿದ್ದಳು. ಎರಡು ಸಲವೂ ಇನ್ಸ್‌ಪೆಕ್ಟರು, ತಾವಿರುವಾಗ ಹೊಸದೇಕೆ ಎಂದು ನಕ್ಕಿದ್ದರು.

ಆದರೆ ಪ್ರತಿಜ್ಞೆಯ ಹಿಂದಿದ್ದ ನಿಜವಾದ ಕಾರಣ ಹೆಂಡತಿಯಲ್ಲ, ಅತ್ತೆ. ಗಣಿತದ ಟೀಚರಾಗಿ ನಿವೃತ್ತರಾದ ಅತ್ತೆ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಇದ್ದಾರೆ. ಈ ಹನ್ನೊಂದು ವರ್ಷದಲ್ಲಿ ಅಳಿಯನಿಗೆ ಒಂದೇ ಒಂದು ರಿಪೇರಿ ಕೆಲಸ ಹೇಳಿದವರಲ್ಲ. ಕನ್ನಡಕದ ಸ್ಕ್ರೂ ಸಡಿಲವಾದರೆ ಬೀದಿ ಕೊನೆಯ ಅಂಗಡಿಗೆ ಹೋಗುತ್ತಾರೆ. ಟೇಬಲ್ ಫ್ಯಾನು ಕಿರುಗುಟ್ಟಿದರೆ ತಾವೇ ಎಣ್ಣೆ ಬಿಡುತ್ತಾರೆ. ಊರಿನ ನಾನೂರು ಲಿಫ್ಟುಗಳಲ್ಲಿ ಸಾವಿರಾರು ಜನ ಯಾರ ಸಹಿಯನ್ನು ನಂಬಿ ಮೇಲಕ್ಕೂ ಕೆಳಕ್ಕೂ ಹೋಗುತ್ತಾರೋ, ಅವರ ಕೈಗೆ ಸ್ವಂತ ಅತ್ತೆ ಒಂದು ಸ್ಕ್ರೂ ಕೊಡುವುದಿಲ್ಲವೆಂದರೆ ಏನರ್ಥ? ಮೇಲಾಗಿ "ಅಳಿಯಂದಿರೇ" ಎಂದು ಬಹಳ ಮರ್ಯಾದೆಯಿಂದ ಮಾತಾಡಿಸುತ್ತಿದ್ದರು. ಆ ಮರ್ಯಾದೆಯೇ ಇನ್ಸ್‌ಪೆಕ್ಟರಿಗೆ ಹೆಚ್ಚು ಉರಿಯುತ್ತಿತ್ತು.

ಶನಿವಾರ ಸಂಜೆಯೇ ಅವರು ಆಫೀಸಿನ ಹಳದಿ ಕಾರ್ಡೊಂದನ್ನು ದಾರ ಕಟ್ಟಿ ಕಂಪ್ಯೂಟರಿಗೆ ನೇತುಹಾಕಿದರು. 'ಮುಟ್ಟಬೇಡಿ. ತಪಾಸಣೆ ನಡೆಯುತ್ತಿದೆ.' ಕೆಳಗೆ ಸಹಿ, ತಾರೀಕು. ಭಾನುವಾರ ಬೆಳಿಗ್ಗೆ ಅವರು ಗಡ್ಡ ಹೆರೆದುಕೊಳ್ಳುತ್ತಿದ್ದಾಗ, ಅತ್ತೆ ಆ ಕಾರ್ಡನ್ನು ಎರಡು ಸಲ ಓದಿ, ಐದು ನಿಮಿಷ ಕಂಪ್ಯೂಟರಿನ ಮುಂದೆ ಕೂತು ಎದ್ದದ್ದು ಕನ್ನಡಿಯಲ್ಲಿ ಕಾಣಿಸಿತು. ಮುಟ್ಟಬೇಡಿ ಎಂದು ಬರೆದದ್ದನ್ನು ಮುಟ್ಟಿದ್ದು ನಿಯಮದ ಪ್ರಕಾರ ತಪ್ಪು. ಆದರೂ ಅತ್ತೆಗೆ ಕುತೂಹಲ ಹುಟ್ಟಿತಲ್ಲ ಎಂದು ಅವರಿಗೆ ಒಳಗೊಳಗೇ ಖುಷಿಯಾಯಿತು. ಶಿಳ್ಳೆ ಹಾಕುತ್ತಾ ಸ್ನಾನಕ್ಕೆ ಹೋದರು.

ಲಿಫ್ಟಿನವರ ಪದ್ಧತಿ ಬಹಳ ಸರಳ. ಕಟ್ಟಡದಲ್ಲಿ ಯಾವ ತಂತಿ ಎಲ್ಲಿಗೆ ಹೋಗಿದೆಯೆಂದು ತಿಳಿಯದಿದ್ದರೆ ಒಂದೊಂದೇ ಸ್ವಿಚ್ ಆರಿಸಬೇಕು, ಒಂದೊಂದು ಮಹಡಿಗೂ ಕೂಗಿ ಏನಾದರೂ ನಿಂತಿತೇ ಎಂದು ಕೇಳಬೇಕು, ಉತ್ತರವನ್ನು ಪುಸ್ತಕದಲ್ಲಿ ಬರೆಯಬೇಕು. ಈ ಪದ್ಧತಿಗೆ ಸೋಲದ ಯಂತ್ರ ಇನ್ನೂ ಹುಟ್ಟಿಲ್ಲವೆಂಬುದು ಇನ್ಸ್‌ಪೆಕ್ಟರ ನಂಬಿಕೆ. ಅದರಂತೆ ಅವರು ಅಡುಗೆಮನೆಯನ್ನು ಮೊದಲನೇ ಮಹಡಿ, ಕಂಪ್ಯೂಟರಿದ್ದ ನಡುಮನೆಯನ್ನು ಎರಡನೇ ಮಹಡಿ, ಅತ್ತೆಯ ಕೋಣೆಯನ್ನು ಮೂರನೇ ಮಹಡಿ ಎಂದು ಗೊತ್ತುಮಾಡಿದರು. ಮನೆಯೆಲ್ಲಾ ಒಂದೇ ಮಟ್ಟದಲ್ಲಿದ್ದದ್ದು ಅವರಿಗೆ ಅಡ್ಡಿಯಾಗಲಿಲ್ಲ.

ಕಂಪ್ಯೂಟರಿನೊಳಗೆ ಸದ್ಯ ಏನೇನು ಓಡುತ್ತಿದೆ ಎಂಬ ಪಟ್ಟಿ ತೆರೆದರು. ತೆರೆದುಕೊಳ್ಳಲು ಅದಕ್ಕೇ ನಾಲ್ಕು ನಿಮಿಷ ಬೇಕಾಯಿತು. ಕೆಳಗಡೆ ಮೂರು ಪರಿಚಿತ ಹೆಸರುಗಳಿದ್ದವು. ಕಂಪ್ಯೂಟರು ಚುರುಕಾಗಲೆಂದು ಕಳೆದ ಒಂದು ವರ್ಷದಲ್ಲಿ ಅವರೇ ಒಂದೊಂದಾಗಿ ತಂದು ಹಾಕಿದ್ದ ಕಾರ್ಯಕ್ರಮಗಳವು: ಒಂದು ಕಸ ಗುಡಿಸುವುದು, ಒಂದು ವೇಗ ಹೆಚ್ಚಿಸುವುದು, ಒಂದು ಕಳ್ಳರಿಂದ ಕಾಯುವುದು. ಎಷ್ಟೊಂದು ದುಡಿಯುತ್ತಿವೆ ಪಾಪ ಎಂದುಕೊಂಡರು. ಆಮೇಲೆ ಕಣ್ಣು ಮೇಲಕ್ಕೆ ಹೋಯಿತು.

ಪಟ್ಟಿಯ ನೆತ್ತಿಯ ಮೇಲೆ ಅಪರಿಚಿತನೊಬ್ಬ ಕೂತಿದ್ದ. ಹೆಸರಿನ ಜಾಗದಲ್ಲಿ ಒಂದಿಷ್ಟು ಅಕ್ಷರ, ಒಂದಿಷ್ಟು ಅಂಕಿ, ಥೇಟ್ ಲಾರಿಯ ನಂಬರು. ಕಂಪ್ಯೂಟರಿನ ಮುಕ್ಕಾಲು ಪಾಲು ಶಕ್ತಿಯನ್ನು ಅವನೊಬ್ಬನೇ ನುಂಗುತ್ತಿದ್ದ. ಕಿಟಕಿಯಿಲ್ಲ, ಚಿತ್ರವಿಲ್ಲ, ಸದ್ದಿಲ್ಲ. ತೆರೆಮರೆಯಲ್ಲಿ ಕೂತು ಮೇಯುತ್ತಿದ್ದ.

"ಸಿಕ್ಕಿಬಿದ್ದ ಕಣೇ! ಯಾರೋ ದೂರದಲ್ಲಿ ಕೂತು ನಮ್ಮ ಕರೆಂಟು ತಿಂತಾ ಇದ್ದಾರೆ," ಎಂದು ಅಡುಗೆಮನೆಯತ್ತ ಕೂಗಿದರು.

"ತಿನ್ನೋರು ತಿನ್ನಲಿ, ನನ್ನ ನಕ್ಷೆ ತೆಗೆದುಕೊಡಿ," ಎಂದು ಉತ್ತರ ಬಂತು.

ಇನ್ಸ್‌ಪೆಕ್ಟರು ಅಪರಿಚಿತನನ್ನು ಹಿಡಿದು ನಿಲ್ಲಿಸಿದರು. ಒಂದು ನಿಮಿಷದಲ್ಲಿ ಅವನು ಮತ್ತೆ ಬಂದು ಅದೇ ಜಾಗದಲ್ಲಿ ಕೂತ. ಮತ್ತೆ ನಿಲ್ಲಿಸಿದರು, ಮತ್ತೆ ಬಂದ. ಏಳನೇ ಸಲ ಅವರ ಸಹನೆ ಮುಗಿಯಿತು. ಅವನ ಮನೆ ಎಲ್ಲಿದೆಯೆಂದು ಹುಡುಕಿಕೊಂಡು ಹೋಗಿ, ಆ ಫೋಲ್ಡರನ್ನೇ ಬೇರುಸಹಿತ ಕಿತ್ತು ಕಸದ ಬುಟ್ಟಿಗೆ ಹಾಕಿದರು, ಬುಟ್ಟಿಯನ್ನೂ ಖಾಲಿ ಮಾಡಿದರು. 'ಖಂಡಿತವೇ?' ಎಂದು ಕಂಪ್ಯೂಟರು ಕೇಳಿತು. ಖಂಡಿತ ಎಂದು ಒತ್ತಿದರು. ಆ ಕ್ಷಣವೇ, ವರ್ಷದ ಮೇಲಿಂದ ಗೊರಗುಟ್ಟುತ್ತಿದ್ದ ಕಂಪ್ಯೂಟರಿನ ಫ್ಯಾನು ಸುಮ್ಮನಾಯಿತು. ಅಂಥ ಮೌನವನ್ನು ಆ ನಡುಮನೆ ಬಹಳ ದಿನದಿಂದ ಕೇಳಿರಲಿಲ್ಲ.

ಈಗ ಪದ್ಧತಿಯ ಎರಡನೇ ಭಾಗ.

"ಮೊದಲನೇ ಮಹಡಿ! ಏನಾದರೂ ನಿಂತಿತಾ?"

"ನನ್ನ ತಲೆ ನಿಂತಿದೆ."

ಸರಿಯಿದೆ ಎಂದು ಪುಸ್ತಕದಲ್ಲಿ ಬರೆದರು. ಎರಡನೇ ಮಹಡಿಯಲ್ಲಿ ತಾವೇ ಇದ್ದುದರಿಂದ ತಮ್ಮನ್ನು ತಾವೇ ಕೇಳಿಕೊಂಡು, ತಾವೇ ಸಮಾಧಾನಕರ ಉತ್ತರ ಕೊಟ್ಟುಕೊಂಡರು. ಮೂರನೇ ಮಹಡಿಗೆ ಎರಡು ಸಲ ಕೂಗಿದರು. ಉತ್ತರ ಬರಲಿಲ್ಲ. 'ದೂರು ಇಲ್ಲ' ಎಂದು ಬರೆದು ಸಹಿ ಹಾಕಿದರು.

ಇಲ್ಲೊಂದು ಮಾತು ಹೇಳಲೇಬೇಕು. ಹೋದ ವರ್ಷ ಅವರ ಸಹೋದ್ಯೋಗಿಯೊಬ್ಬ ಹೀಗೆಯೇ ಉತ್ತರ ಬಾರದ ಮಹಡಿಯ ಮುಂದೆ 'ದೂರು ಇಲ್ಲ' ಎಂದು ಬರೆದಿದ್ದ. ಆ ಮಹಡಿಯಲ್ಲಿ ಒಬ್ಬರು ಎರಡು ಗಂಟೆ ಕತ್ತಲಲ್ಲಿ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದರು. ಮೌನವೆಂದರೆ ಒಪ್ಪಿಗೆಯಲ್ಲ, ಮೌನವೆಂದರೆ ಹತ್ತಿ ಹೋಗಿ ನೋಡಬೇಕು ಎಂದು ಅವನಿಗೆ ನಾಲ್ಕು ಪುಟದ ನೋಟಿಸು ಕೊಟ್ಟದ್ದು ಇದೇ ಇನ್ಸ್‌ಪೆಕ್ಟರು. ಆ ನೋಟಿಸಿನ ಭಾಷೆ ಚೆನ್ನಾಗಿದೆಯೆಂದು ಆಫೀಸಿನ ಗೋಡೆಗೆ ಬೇರೆ ಅಂಟಿಸಿದ್ದರು.

ಗೆಲುವಿನ ನಗೆ ಬೀರುತ್ತಾ ಹೆಂಡತಿಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ಅವಳು ನಕ್ಷೆಯ ಮೇಲೆ ಒತ್ತಿದಳು. ಪುಟ್ಟ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಕಂಪ್ಯೂಟರು ಈಗಷ್ಟೇ ದೊಡ್ಡ ಕಾಯಿಲೆಯಿಂದ ಎದ್ದಿದೆ, ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಇನ್ಸ್‌ಪೆಕ್ಟರು ಸಮಜಾಯಿಷಿ ಕೊಡುತ್ತಿದ್ದರು. ಹೆಂಡತಿ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಕಣ್ಣು ಪರದೆಯ ಬಲಮೂಲೆಯಲ್ಲಿತ್ತು.

"ರೀ, ಇಲ್ಲೊಂದು ಸಣ್ಣ ಅಂಕಿ ಇರ್ತಿತ್ತಲ್ಲ, ಎಲ್ಲಿ? ಅಮ್ಮನ ಲೆಕ್ಕದ್ದು?"

ಅಮ್ಮನ ಲೆಕ್ಕವೆಂದರೇನೆಂದು ಇನ್ಸ್‌ಪೆಕ್ಟರು ಕೇಳಿದರು.

ಹೆಂಡತಿ ಹೇಳಿದ್ದಿಷ್ಟು. ಹದಿನಾಲ್ಕು ತಿಂಗಳಿಂದ ಅಮ್ಮ ಒಂದು ಸಂಖ್ಯೆಯ ಬೆನ್ನುಹತ್ತಿದ್ದಾರೆ. ಬರೆಯಲು ಹೊರಟರೆ ಏಳು ಸಾವಿರ ಪುಟ ಹಿಡಿಯುವಷ್ಟು ಉದ್ದದ ಸಂಖ್ಯೆ. ಅದು ಒಂದನ್ನು ಬಿಟ್ಟು ಬೇರೆ ಯಾವ ಸಂಖ್ಯೆಯಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಯೋ ಅಲ್ಲವೋ ಎಂದು ಈ ಕಂಪ್ಯೂಟರು ಹಗಲೂ ರಾತ್ರಿ ಲೆಕ್ಕ ಹಾಕುತ್ತಿತ್ತು. ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಅಮ್ಮನಂಥವರು ಒಬ್ಬೊಬ್ಬರೂ ಒಂದೊಂದು ಸಂಖ್ಯೆ ಹಂಚಿಕೊಂಡು ಕೂತಿದ್ದಾರೆ. ನೂರಕ್ಕೆ ತೊಂಬತ್ತೊಂಬತ್ತು ಭಾಗ ಮುಗಿದಿತ್ತು. ಶುಕ್ರವಾರ ಉತ್ತರ ಬರುವುದಿತ್ತು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅಮ್ಮ ಮೊದಲು ನೋಡುತ್ತಿದ್ದದ್ದು ಮೂಲೆಯ ಆ ಅಂಕಿಯನ್ನು.

"ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದರು ಇನ್ಸ್‌ಪೆಕ್ಟರು.

"ಅವತ್ತು ಊಟಕ್ಕೆ ಕೂತಾಗ ಅಮ್ಮ ನಿಮ್ಮನ್ನೇ ಕೇಳಿದ್ರು, ಈ ಲೆಕ್ಕ ಕಂಪ್ಯೂಟರಲ್ಲಿ ಹಾಕಿಕೊಳ್ಳಲಾ ಅಂತ. ನೀವು ಫೋನು ನೋಡ್ತಾ, 'ಧಾರಾಳವಾಗಿ' ಅಂದ್ರಿ."

ಇನ್ಸ್‌ಪೆಕ್ಟರು ಮೆಲ್ಲಗೆ ಎದ್ದು ಮೂರನೇ ಮಹಡಿಗೆ ಹೋಗಿ ಬಾಗಿಲು ತಳ್ಳಿದರು. ಕೋಣೆ ಖಾಲಿ. ಅಮ್ಮ ಪ್ರತಿ ಭಾನುವಾರ ಲೈಬ್ರರಿಗೆ ಹೋಗುತ್ತಾರೆ, ಒಂದು ಗಂಟೆಗೆ ಬರುತ್ತಾರೆ, ಇದೂ ಹನ್ನೊಂದು ವರ್ಷದಿಂದ ನಡೆಯುತ್ತಿದೆ ಎಂದು ಹೆಂಡತಿ ಹಿಂದಿನಿಂದ ತಿಳಿಸಿದಳು. ಮೇಜಿನ ಮೇಲೊಂದು ನೋಟುಪುಸ್ತಕವಿತ್ತು. ಅದರಲ್ಲಿ ದಿನಕ್ಕೊಂದು ಸಾಲು, ತಾರೀಕಿನ ಎದುರು ಮುಗಿದ ಭಾಗ, ಹದಿನಾಲ್ಕು ತಿಂಗಳು ಒಂದು ದಿನವೂ ತಪ್ಪದೆ. ಕೊನೆಯ ಸಾಲಿನ ಕೆಳಗೆ 'ಶುಕ್ರವಾರ' ಎಂದು ಬರೆದು ಅಡಿಗೆರೆ ಹಾಕಿದ್ದರು. ಅದನ್ನು ನೋಡಿ ಇನ್ಸ್‌ಪೆಕ್ಟರಿಗೆ ನೋಟುಪುಸ್ತಕ ಮುಚ್ಚಲೂ ಮನಸ್ಸಾಗಲಿಲ್ಲ. ಮಾಡಿದ ತಪ್ಪಿಗೆ ಯಾರಾದರೂ ಬೈದರೆ ತಡೆದುಕೊಳ್ಳಬಹುದು. ಅತ್ತೆ ಬೈಯುವವರಲ್ಲ, ಅದೇ ಭಯ.

ಹನ್ನೆರಡೂವರೆಗೇ ಅವರು ಗೇಟಿನ ಹತ್ತಿರ ಹೋಗಿ ನಿಂತರು. ಒಂದಕ್ಕೆ ಸರಿಯಾಗಿ ಅತ್ತೆ ಬಂದರು. ಇನ್ಸ್‌ಪೆಕ್ಟರು ಅವರ ಕೈಚೀಲ ತೆಗೆದುಕೊಂಡರು, ಕೊಡೆ ತೆಗೆದುಕೊಂಡರು, ತೆಗೆದುಕೊಳ್ಳಲು ಇನ್ನೇನೂ ಉಳಿಯದಿದ್ದಾಗ ಬಾಯಿ ತೆರೆದರು. ಹೇಳಬೇಕೆಂದು ಕಟ್ಟಿಕೊಂಡಿದ್ದ ಭಾಷಣದಲ್ಲಿ ತಂತ್ರಜ್ಞಾನದ ಸಂಕೀರ್ಣತೆ, ಸುರಕ್ಷತೆಯ ಮಹತ್ವ ಎಲ್ಲಾ ಇತ್ತು. ಬಾಯಿಂದ ಬಂದದ್ದು ಬೇರೆ.

"ಅತ್ತೆ, ನಿಮ್ಮ ಸಂಖ್ಯೆ ಅಳಿಸಿಬಿಟ್ಟೆ. ಬುಟ್ಟೀನೂ ಖಾಲಿ ಮಾಡಿಬಿಟ್ಟೆ. ತಪ್ಪಾಯ್ತು."

ಅತ್ತೆ ಅಳಿಯನ ಕೈಯಲ್ಲಿದ್ದ ತಮ್ಮ ಚೀಲದೊಳಗೇ ಕೈಹಾಕಿ, ಕನ್ನಡಕದ ಡಬ್ಬಿ ತೆಗೆದು, ಅದರೊಳಗಿಂದ ಒಂದು ಪೆನ್‌ಡ್ರೈವ್ ಹೊರತೆಗೆದರು.

"ಬೆಳಿಗ್ಗೆ ನಿಮ್ಮ ಕಾರ್ಡು ನೋಡಿದೆ. ಕೂಡಲೇ ಒಂದು ನಕಲು ತೆಗೆದಿಟ್ಟುಕೊಂಡೆ," ಎಂದರು. "ನೀವು ರಿಪೇರಿ ಅಂದಾಗೆಲ್ಲ ತೆಗೆದಿಟ್ಟುಕೊಳ್ತೀನಿ, ಅಳಿಯಂದಿರೇ. ಹನ್ನೊಂದು ವರ್ಷದಿಂದ ನೋಡ್ತಾ ಇದ್ದೀನಲ್ಲ."

ಪ್ರಾಣ ಉಳಿಯಿತು, ಮಾನ ಹೋಯಿತು. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಇನ್ಸ್‌ಪೆಕ್ಟರು ಅತ್ತೆಯ ಹಿಂದೆ ಒಳಗೆ ಬಂದರು.

ಸಂಖ್ಯೆಯನ್ನು ಅದರ ಜಾಗದಲ್ಲಿ ಕೂರಿಸಿ ಆದಮೇಲೆ ಅತ್ತೆ ಆ ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸಿದರು. ತಮ್ಮ ಲೆಕ್ಕ ಬೇರೆಯವರು ಬಳಸದೆ ಬಿಟ್ಟ ಶಕ್ತಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ, ಮಗಳು ನಕ್ಷೆ ತೆರೆದರೆ ತಾನಾಗಿ ಎದ್ದು ಕುರ್ಚಿ ಬಿಟ್ಟುಕೊಡುತ್ತದೆ, ಅದರಿಂದ ಯಾರಿಗೂ ತೊಂದರೆಯಿಲ್ಲ ಎಂದು ನಿಧಾನವಾಗಿ ವಿವರಿಸಿದರು. ಹಾಗಾದರೆ ಕಂಪ್ಯೂಟರು ಕುಂಟುವುದೇಕೆ? ಅವರು ಕೆಳಗಿನ ಮೂರು ಹೆಸರುಗಳ ಮೇಲೆ ಬೆರಳಿಟ್ಟರು. ಗುಡಿಸುವುದು ಹಗಲಿಡೀ ಪ್ರತಿಯೊಂದು ಕಡತವನ್ನೂ ಎತ್ತಿ ನೋಡುತ್ತಿತ್ತು. ವೇಗದ್ದು ಗುಡಿಸಿದ್ದು ಸರಿಯಾಗಿದೆಯೇ ಎಂದು ಮತ್ತೆ ಎತ್ತಿ ನೋಡುತ್ತಿತ್ತು. ಕಾಯುವುದು ಇವೆರಡೂ ಕಳ್ಳರಿರಬೇಕೆಂದು ಅನುಮಾನಿಸಿ ಬೆನ್ನಿಗೆ ಬಿದ್ದಿತ್ತು.

"ಇದನ್ನೆಲ್ಲ ಯಾರು ಹಾಕಿದ್ದು?" ಎಂದು ಅತ್ತೆ ಕೇಳಿದರು.

ಇನ್ಸ್‌ಪೆಕ್ಟರು ಗೋಡೆಯ ಗಡಿಯಾರ ನೋಡಿದರು. ಹೆಂಡತಿ ಇನ್ಸ್‌ಪೆಕ್ಟರನ್ನು ನೋಡಿದಳು.

"ಲಿಫ್ಟಿನೊಳಗೆ ಮೂರು ಜನ ಇನ್ಸ್‌ಪೆಕ್ಟರುಗಳೇ ನಿಂತುಬಿಟ್ಟರೆ, ಮೇಲೆ ಹೋಗಬೇಕಾದವರು ಎಲ್ಲಿ ನಿಲ್ಲಬೇಕು, ಅಳಿಯಂದಿರೇ?"

ಮೂರನ್ನೂ ಇನ್ಸ್‌ಪೆಕ್ಟರು ತಮ್ಮ ಕೈಯಾರೆ ತೆಗೆದರು. ಹೆಂಡತಿ ನಕ್ಷೆಯ ಮೇಲೆ ಒತ್ತಿ, ಅಭ್ಯಾಸಬಲದಿಂದ ಬಟ್ಟೆಯ ಬಕೆಟ್ಟಿಗೆ ಕೈಹಾಕುವಷ್ಟರಲ್ಲಿ ನಕ್ಷೆ ತೆರೆದುಕೊಂಡಿತ್ತು. ಫ್ಯಾನು ಮತ್ತೆ ಗೊರಗುಟ್ಟತೊಡಗಿತು. ಊಟದ ಹೊತ್ತಿಗೆ ಅವಳು, "ಬನ್ನಿ, ನಿಮ್ಮ ಹೊಸ ಹೆಸರೇನು?" ಎಂದು ತಟ್ಟೆ ಇಟ್ಟಳು. ಇನ್ಸ್‌ಪೆಕ್ಟರು ಉಪ್ಪಿನಕಾಯಿ ಕೇಳಿದರು. ಸೋಮವಾರ ಆಫೀಸಿಗೆ ಹೋದವರು ಮೊದಲು ಗೋಡೆಯ ಮೇಲಿನ ನೋಟಿಸನ್ನು ಕಿತ್ತು ಮಡಚಿ ಜೇಬಿಗೆ ಹಾಕಿಕೊಂಡರಂತೆ. ಆರು ನಕ್ಷೆಗಳೂ ಬುಧವಾರವೇ ಬಡಗಿಯ ಕೈ ಸೇರಿದವು.

ಗುರುವಾರ ಸಂಜೆ ಅತ್ತೆ ತಾವಾಗಿ ನಡುಮನೆಗೆ ಬಂದು, ಸ್ವಲ್ಪ ಸಂಕೋಚದಿಂದ, ಅಳಿಯಂದಿರಿಂದ ಒಂದು ಕೆಲಸ ಆಗಬೇಕಿತ್ತು ಎಂದರು.

ಇನ್ಸ್‌ಪೆಕ್ಟರು ಎದ್ದೇ ನಿಂತರು. ಹನ್ನೊಂದು ವರ್ಷ! ಏನು ಬೇಕಾದರೂ ಹೇಳಿ, ಈಗಲೇ ಮಾಡುತ್ತೇನೆ ಎಂದರು. ಹೇಳುತ್ತಲೇ ಕಪಾಟಿನ ಮೇಲಿದ್ದ ಸ್ಕ್ರೂಡ್ರೈವರಿನ ಕಡೆಗೆ ಕೈ ಹೋಗಿತ್ತು.

"ಅದೇನೂ ಬೇಡ," ಎಂದರು ಅತ್ತೆ. ಆ ಹಳದಿ ಕಾರ್ಡನ್ನು ಎರಡೂ ಕೈಯಿಂದ ಅವರಿಗೆ ಕೊಟ್ಟರು. "ನಾಳೆ ನನ್ನ ಉತ್ತರ ಬರುತ್ತೆ. ಅಲ್ಲಿವರೆಗೆ ಕಂಪ್ಯೂಟರ್ ಹತ್ತಿರ ಯಾರೂ ಹೋಗದ ಹಾಗೆ ನೀವು ನೋಡಿಕೊಳ್ಳಬೇಕು. ಕಾವಲು ನಿಮ್ಮದೇ." ಒಂದು ಕ್ಷಣ ಯೋಚಿಸಿ ಸೇರಿಸಿದರು, "ನೀವು ಅಡುಗೆಮನೆಯಲ್ಲಿ ಕೂತೇ ಕಾಯಿರಿ."