ಚಂಪಾಗೆ ಮೈ ಬಂತು

ಲೈಸಿನ್ ಹುಡಿಯ ಡಬ್ಬಿ ಬರಿದಾಗಲು ಬೇರೆ ದಿನವೇ ಸಿಗಲಿಲ್ಲ. ಬೆಳಿಗ್ಗೆ ಲೀಲಾಧರ ಅದನ್ನು ಅಂಗೈಗೆ ಕವುಚಿ ತಟ್ಟಿದಾಗ ಬಿದ್ದದ್ದು ಒಂದು ಚಿಟಿಕೆ. ಅವನ ಬಿಳಿ ಕುದುರೆ ಚಂಪಾ ಅದನ್ನು ನೆಕ್ಕಿ, ಸಾಲದೆ ಅವನ ಅಂಗಿಯ ಗುಂಡಿಯನ್ನೂ ನೆಕ್ಕಿತು.

ಮೂರು ತಿಂಗಳ ಹಿಂದೆ ಪಶುವೈದ್ಯರು ಚಂಪಾಳ ಬೆನ್ನು ತಡವಿ, "ಬರೀ ಹುಲ್ಲು, ತೌಡು ಸಾಲದು. ಲೈಸಿನ್ ಅನ್ನುವ ಅಮೈನೋ ಆಮ್ಲ ಕಡಿಮೆಯಾದರೆ ಮಾಂಸ ಹಿಡಿಯುವುದಿಲ್ಲ" ಎಂದಿದ್ದರು. ಅಂದಿನಿಂದ ದಿನಕ್ಕೊಂದು ಚಮಚ ತಪ್ಪಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗದಂತಿದ್ದ ಬೆನ್ನೆಲುಬು ಈಗ ಹುಡುಕಿದರೂ ಸಿಗುತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ಬ್ರಹ್ಮಾವರದ ಹೋಟೆಲಿನ ಜಿತೇಂದ್ರ ಶೆಟ್ಟರು ಮಗನ ದಿಬ್ಬಣಕ್ಕೆ ಕುದುರೆ ಗಟ್ಟಿಮಾಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಚಂಪಾಳನ್ನು ಘಟ್ಟದ ಮೇಲಿನ ದಲ್ಲಾಳಿಗೆ ಮಾರುವುದೇ ಸೈ ಎಂದು ಹೆಂಡತಿ ವನಜ ಹೇಳಿಯಾಗಿತ್ತು.

ಲೀಲಾಧರ ವೈದ್ಯರಿಗೆ ಫೋನ್ ಮಾಡಿದ. "ಒಂದು ದಿನ ತಪ್ಪಿದರೆ ಏನೂ ಆಗದು" ಎಂದರು. ಆದರೆ ಬೇಲಿಯಾಚೆ ಮೀನು ಒಣಗಿಸುತ್ತಿದ್ದ ಹರಿಣಾಕ್ಷಕ್ಕನಿಗೆ ಸಮಾಧಾನವಾಗಬೇಕಲ್ಲ!

"ಹ್ವಾಯ್ ಲೀಲಾಧರ, ಆ ಹುಡಿಯಂಗೆ ಎಂತ ಇಪ್ಪುದ್?"

"ಮೈ ಬಪ್ಪ ಸತ್ವ ಅಕ್ಕಾ. ಪ್ರೋಟೀನಿಂದ್."

"ಅಷ್ಟಕ್ಕೆ ತಲಿಬಿಸಿಯಾ? ಒಣಮೀನಿನ ಹುಡಿಯಂಗೂ ಅದೇ ಇಪ್ಪುದ್! ನಮ್ಮನಿ ಕೋಳಿ ಕಾಣ್, ಹ್ಯಾಂಗೆ ಉರುಟಾಯ್ತ್."

"ಕುದ್ರಿ ಮೀನ್ ತಿಂತಾ?"

"ಕುಂದಾಪ್ರದ ನೀರ್ ಕುಡಿದ್ಮೇಲೆ ತಿನ್ನದೆ ಎಂತ ಮಾಡತ್ತ್?"

ಅಷ್ಟರಲ್ಲಿ ಎದುರುಮನೆಯ ದುಗ್ಗಪ್ಪ ತೆಂಗಿನೆಣ್ಣೆಯ ಬಾಟಲಿ ಹಿಡಿದು ಬಂದೇಬಿಟ್ಟ. "ಒಳಗಿಂದ್ ಹರಿಣಾಕ್ಷಕ್ಕ ಕಾಣ್ಲಿ, ಹೊರಗಿಂದ್ ನಾ ಕಾಂತೆ. ಹೊಸ ಕಾರಿನ ಹಾಂಗೆ ಹೊಳಿಕ್!"

ಮೂರೂವರೆಯ ಹೊತ್ತಿಗೆ ಚಂಪಾ ಥಳಥಳಿಸುತ್ತಿತ್ತು. ಲೀಲಾಧರ ಅಂಗಿ ಬದಲಿಸಲು ಒಳಗೆ ಹೋದದ್ದೇ ತಡ, ಹರಿಣಾಕ್ಷಕ್ಕ ತೌಡಿನ ಬುಟ್ಟಿಗೆ ಎರಡು ಹಿಡಿ ಒಣ ಬಂಗುಡೆ ಮೀನಿನ ಹುಡಿ ಕಲಸಿ ಮುಂದಿಟ್ಟಳು. ಚಂಪಾ ಮೂಸಿತು. ಮರುಕ್ಷಣ ಸಿಡಿಲಿನಂಥ ಸೀನು! ತೌಡೆಲ್ಲ ದುಗ್ಗಪ್ಪನ ಮುಖಕ್ಕೆ. ಅವನು ಹಗ್ಗ ಹಿಡಿಯಲು ಹೋದರೆ ಎಣ್ಣೆಗೈಯಿಂದ ಹಗ್ಗ ಜಾರಿತು. ಚಂಪಾ ಬೇಲಿ ಹಾರಿ, ಒಣಮೀನಿನ ಚಾಪೆ ತುಳಿದು, ಕಡಲಿನ ಕಡೆಗೆ ಹಾರಿಹೋಯಿತು.

"ಅಯ್ಯೋ ನನ್ನ ಮೀನ್!" ಎಂದು ಹರಿಣಾಕ್ಷಕ್ಕ, "ಅಯ್ಯೋ ನನ್ನ ಕುದ್ರಿ!" ಎಂದು ಲೀಲಾಧರ ಓಡಿದರು. ಅವರ ಹಿಂದೆ ದುಗ್ಗಪ್ಪ. ಅವನ ಮೀಸೆಯ ಹಿಂದೆ ನಾಲ್ಕು ಬೆಕ್ಕು.

ಕಡಲ ದಂಡೆಯಲ್ಲಿ ಶೆಟ್ಟರ ಕಾರು ಆಗಷ್ಟೇ ನಿಂತಿತ್ತು. ನೊರೆಯಂಚಿನಲ್ಲಿ ಕುತ್ತಿಗೆ ಬಿಲ್ಲಿನಂತೆ ಬಾಗಿಸಿ, ಬಾಲ ಎತ್ತಿ ಬಂದ ಚಂಪಾ ಅವರೆದುರಿಗೇ ಮುಂಗಾಲೆತ್ತಿ ಕೆನೆಯಿತು! ಶೆಟ್ಟರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹಿಂದೆಯೇ ಓಡಿಬಂದ ಲೀಲಾಧರ ಹಿಗ್ಗಿದ. ಕೆಟ್ಟದ್ದೆಲ್ಲ ಒಳ್ಳೆಯದಕ್ಕೇ ಆಯಿತಲ್ಲ!

"ಕಂಡ್ರ್ಯಾ ಶೆಟ್ರೇ!" ಹಗ್ಗ ಹಿಡಿದು ಏದುಸಿರಿನಲ್ಲೇ ಕೂಗಿದ. "ಮೂರ್ ತಿಂಗ್ಳ್ ಲೈಸಿನ್ ಕೊಟ್ಟದ್! ಬೆನ್ನ್ ಕಾಣಿ, ತೊಡಿ ಕಾಣಿ!"

"ಇದ್ ರಾಜ್ರ್ ಹತ್ತುವ ಕುದ್ರಿ ಮಾರಾಯಾ."

"ಹಾಂಗಾರೆ ಗಟ್ಟಿ ಅಲ್ದಾ?"

ಶೆಟ್ಟರು ಕಾರಿನತ್ತ ತಿರುಗಿದರು. ಹಿಂದಿನ ಸೀಟಿನಲ್ಲಿ ಮದುಮಗ ರತನ್ ಒಳಗಿನಿಂದ ಬಾಗಿಲನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಿದ್ದ.

"ಎಲ್ಲಿಯ ಗಟ್ಟಿ! ನಮ್ಮ ಮದುಮಗ ಸೈಕಲ್ ಬೆಲ್ಲಿಗೂ ಬೆಚ್ಚುದ್. ಮುಂಚೆ ಕೋಟ ಊರಂಗೆ ಒಂದ್ ಮದಿ ದಿಬ್ಬಣದಂಗೆ ಇವ ಈ ಕುದ್ರಿ ಕಂಡದ್. ಕಿವಿ ಬುಡದಂಗೆ ಬ್ಯಾಂಡ್ ಬಡಿದ್ರೂ ನಿಂತಲ್ಲೇ ತೂಕಡ್ಸ್ತಿತ್ತ್, ಪಾಪ. ಹತ್ತುದಾದ್ರೆ ಇದನ್ನೇ ಹತ್ತುದ್ ಅಂದೇಳಿ ಇವ ಹಟ ಹಿಡ್ದದ್. ಈಗ ಇದ್ರ ಮೇಲೆ ಯಾರ್ ಕೂಕಂತ್ರ್?"

ಲೀಲಾಧರ ಕಾರಿನ ಕಿಟಕಿ ಹಿಡಿದುಕೊಂಡ. "ಶೆಟ್ರೇ, ನಾಳೆಯಿಂದಲೇ ಹುಡಿ ನಿಲ್ಸ್ತೆ! ಮೂರೇ ತಿಂಗ್ಳ್, ಪುನಃ ಮುಂಚಿನ ಹಾಂಗೇ ಆತ್ತ್!"

ಒಳಗಿನಿಂದ ರತನ್‌ನ ಸಣ್ಣ ಸ್ವರ ಬಂತು: "ಮದಿ ಬಪ್ಪ ಆಯ್ತಾರ. ಅಪ್ಪಯ್ಯ, ಹೋಪ!"